ಮಣಿಕಟ್ಟಿನ ದೋಷ

ನಿವೃತ್ತಿಯಾದ ಮೇಲೆ ಮನುಷ್ಯ ಏನು ಮಾಡಬೇಕು ಎಂಬ ವಿಷಯದಲ್ಲಿ ನಮ್ಮ ಬಸವೇಶ್ವರನಗರದಲ್ಲಿ ಸಲಹೆಗಳಿಗೆ ಬರವಿಲ್ಲ. ಬೆಳಗ್ಗೆ ಪಾರ್ಕಿಗೆ ಬನ್ನಿ, ನಗೆಕೂಟ ಸೇರಿ, ಪ್ರಾಣಾಯಾಮ ಮಾಡಿ, ಬಡಾವಣೆಯ ಸಂಘಕ್ಕೆ ಕಾರ್ಯದರ್ಶಿಯಾಗಿ ಎಂದು ಸಿಕ್ಕವರೆಲ್ಲ ಹೇಳಿದರು. ಗಾಲ್ಫ್ ಕಲಿಸಿ ಎಂದು ಮಾತ್ರ ಯಾರೂ ಹೇಳಲಿಲ್ಲ. ಆ ಕೆಲಸಕ್ಕೆ ನಾನು ಸ್ವಂತ ಬುದ್ಧಿಯಿಂದಲೇ ಕೈಹಾಕಿದೆ. ಇನ್ನೊಂದು ಸಂಗತಿಯನ್ನೂ ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನನಗೆ ಗಾಲ್ಫ್ ಆಡಲು ಬರುವುದಿಲ್ಲ. ಜೋರಾಗಿ ಬೀಸಿದರೆ ಚೆಂಡು ಇದ್ದಲ್ಲೇ ಇರುತ್ತದೆ, ಸೊಂಟ ಮಾತ್ರ ಹೊರಟುಹೋಗುತ್ತದೆ. ಇದನ್ನು ಕೇಳಿದವರು ನಗುತ್ತಾರೆ. ನಗಲಿ. ಮೂವತ್ತು ವರ್ಷಕ್ಕೂ ಮೇಲೆ ಒಂದು ಸರ್ಕಾರಿ ಪ್ರಯೋಗಾಲಯದಲ್ಲಿ ವಿಮಾನದ ರೆಕ್ಕೆ ಎಷ್ಟು ನಡುಗುತ್ತದೆ ಎಂದು ಅಳೆದವನು ನಾನು. ಒಂದು ದಿನವೂ ವಿಮಾನ ಹಾರಿಸಲಿಲ್ಲ. ಅದರಿಂದ ರೆಕ್ಕೆಗೇನೂ ನಷ್ಟವಾಗಲಿಲ್ಲ.

ನನ್ನನ್ನು ಮೊದಲ ಸಲ ಗಾಲ್ಫ್ ಮೈದಾನಕ್ಕೆ ಕರೆದುಕೊಂಡು ಹೋದವನು ನನ್ನ ಹಳೆಯ ಸಹೋದ್ಯೋಗಿಯೊಬ್ಬ. ಅತಿಥಿಯಾಗಿ ಹೋದವನು ಕಾಫಿ ಕುಡಿದು, ಹುಲ್ಲು ನೋಡಿ, ಸುಮ್ಮನೆ ಬರಬೇಕಿತ್ತು. ಆದರೆ ಕಣ್ಣೆದುರಿಗೆ ಏನಾದರೂ ಪದೇ ಪದೇ ನಡೆಯುತ್ತಿದ್ದರೆ ಅದನ್ನು ಬರೆದಿಡದೆ ಬಿಡುವ ಜಾಯಮಾನ ನನ್ನದಲ್ಲ. ಆಟಗಾರರೆಲ್ಲ ದೂರಕ್ಕೆ ಹೊಡೆಯುವುದನ್ನು ಅಭ್ಯಾಸ ಮಾಡುತ್ತಿದ್ದರು, ದೂರಕ್ಕೆ ಹೊಡೆದದ್ದನ್ನೇ ಹೊಗಳಿಕೊಳ್ಳುತ್ತಿದ್ದರು. ಚೆಂಡು ಬೀಳಬೇಕಾದ ಕುಣಿಯ ಹತ್ತಿರ ಬಂದ ಮೇಲೆ ಮಾತ್ರ ಅವರ ಮುಖ ಸಣ್ಣದಾಗುತ್ತಿತ್ತು. ಅಲ್ಲಿಂದ ಮುಂದೆ ವಾರಕ್ಕೆ ಮೂರು ದಿನ ಮಡಚುವ ಕುರ್ಚಿಯೊಂದನ್ನು ಹಿಡಿದುಕೊಂಡು ಹೋಗಿ ಗ್ರೀನಿನ ಪಕ್ಕ ಕೂತೆ. ಗ್ರೀನ್ ಎಂದರೆ ಕುಣಿಯ ಸುತ್ತ ಹುಲ್ಲನ್ನು ನುಣ್ಣಗೆ ಕತ್ತರಿಸಿದ ಜಾಗ. ಯಾರು ಎಷ್ಟು ದೂರದಿಂದ ಹೊಡೆದರು, ಚೆಂಡು ಎಲ್ಲಿ ನಿಂತಿತು, ಎಲ್ಲವನ್ನೂ ಬರೆದೆ. ಕೆಲವು ಸದಸ್ಯರು ನನ್ನನ್ನು ತೆರಿಗೆ ಇಲಾಖೆಯವನೆಂದು ತಿಳಿದು ನಮಸ್ಕಾರ ಮಾಡಲು ಶುರುಮಾಡಿದರು. ನಾಲ್ಕು ನೋಟುಪುಸ್ತಕ ತುಂಬುವ ಹೊತ್ತಿಗೆ ವಿಷಯ ಸ್ಪಷ್ಟವಾಯಿತು: ಇವರು ಆಟ ಸೋಲುತ್ತಿರುವುದು ದೂರದಲ್ಲಿ ಅಲ್ಲ, ಹತ್ತಿರದಲ್ಲಿ.

ಹಾಗಾಗಿ ನಾನು ಹತ್ತಿರದ ಆಟವನ್ನಷ್ಟೇ ಕಲಿಸತೊಡಗಿದೆ. ನನ್ನ ಪದ್ಧತಿ ಸರಳ. ಕೋಲನ್ನು ಹಿಂದಕ್ಕೆ ಎತ್ತುವಾಗ ಕೈ ಮಂಡಿಯ ಎತ್ತರಕ್ಕೆ ಬಂದರೆ ಇಷ್ಟು ದೂರ, ಸೊಂಟಕ್ಕೆ ಬಂದರೆ ಇಷ್ಟು, ಭುಜಕ್ಕೆ ಬಂದರೆ ಇಷ್ಟು. ಶಕ್ತಿ ಹಾಕುವ ಹಾಗಿಲ್ಲ, ಸಿಟ್ಟು ಮಾಡುವ ಹಾಗಿಲ್ಲ. ಮಂಡಿ, ಸೊಂಟ, ಭುಜ, ಅಷ್ಟೇ. ರಾಜಾಜಿನಗರದ ದಂತವೈದ್ಯರೊಬ್ಬರು ಇದನ್ನು ಮೂರು ವಾರ ಅಭ್ಯಾಸ ಮಾಡಿ, ಹದಿನೈದು ವರ್ಷದಿಂದ ತಮ್ಮನ್ನು ಸೋಲಿಸುತ್ತಿದ್ದ ಭಾವಮೈದುನನನ್ನು ಸೋಲಿಸಿದರು. ಸುದ್ದಿ ಹಬ್ಬಿತು. ಅವರು ನಾಲ್ಕು ಜನರನ್ನು ಕಳಿಸಿದರು, ಆ ನಾಲ್ವರು ಇನ್ನಷ್ಟು ಜನರನ್ನು ಕಳಿಸಿದರು. ನಾನು ಗಾಲ್ಫ್ ಕೋಚ್ ಆದದ್ದು ಹೀಗೆ.

ಕೊನೆಯ ಹೊಡೆತಕ್ಕೆ, ಎಂದರೆ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಣಿಗೆ ಬೀಳಿಸುವುದಕ್ಕೆ, ಮೈದಾನ ಬೇಕಿಲ್ಲ ಎಂದು ನನ್ನ ಅಭಿಪ್ರಾಯ. ನಮ್ಮ ಮನೆಯ ಟೆರೇಸಿನ ಮೇಲೆ ಉದ್ದಕ್ಕೆ ಹುಲ್ಲಿನಂಥ ಹಸಿರು ಮ್ಯಾಟ್ ಹಾಸಿದೆ. ಟೆರೇಸಿನಲ್ಲಿ ಕುಣಿ ತೋಡಿದರೆ ಕೆಳಗಿನ ಅಡುಗೆಮನೆಯಲ್ಲಿ ತೆರೆಯುತ್ತದಾದ್ದರಿಂದ, ಕಾಫಿಪುಡಿ ಡಬ್ಬಿಯ ಸ್ಟೀಲ್ ಮುಚ್ಚಳವನ್ನು ಆ ತುದಿಯಲ್ಲಿ ನಿಲ್ಲಿಸಿದೆ. ಚೆಂಡು ತಗುಲಿದರೆ ಟಣ್ ಎನ್ನಬೇಕು. ಕಾಫಿಪುಡಿಯ ಘಮ ಹೋಗುತ್ತಿದೆ ಎಂದು ನನ್ನ ಹೆಂಡತಿ ವಿಮಲಾ ಒಂದು ವಾರ ಮಾತು ಬಿಟ್ಟಳು. ಅವಳು ಹೈಸ್ಕೂಲಿನಲ್ಲಿ ಗಣಿತ ಕಲಿಸಿ ನಿವೃತ್ತಳಾದವಳು, ಮಾತು ಬಿಡುವುದರಲ್ಲೂ ಲೆಕ್ಕ ಇಡುತ್ತಾಳೆ. ಎಂಟನೆಯ ದಿನ ಡಬ್ಬಿಯ ಬಾಯಿಗೆ ಪ್ಲಾಸ್ಟಿಕ್ ಕವರು ಕಟ್ಟಿ ರಾಜಿಯಾದಳು.

ಆ ಮ್ಯಾಟಿನ ಮೇಲೆಯೇ ನಾನು ನನ್ನ ಜೀವನದ ಅತಿದೊಡ್ಡ ಆವಿಷ್ಕಾರ ಮಾಡಿದ್ದು. ನೇರವಾಗಿ ಗುರಿಯಿಟ್ಟು ಹೊಡೆದ ಚೆಂಡು ಮುಚ್ಚಳದ ಎಡಕ್ಕೆ ಎರಡು ಬೆರಳಿನಷ್ಟು ತಪ್ಪಿಹೋಗುತ್ತಿತ್ತು. ನಾನು ಹೊಡೆದರೂ ಅಷ್ಟೇ, ದಂತವೈದ್ಯರು ಹೊಡೆದರೂ ಅಷ್ಟೇ. ಹೊಸಬರು, ಹಳಬರು, ಗಂಡಸರು, ಹೆಂಗಸರು, ಎಲ್ಲರದೂ ಎಡಕ್ಕೆ ಎರಡು ಬೆರಳು. ಬೇರೆಯವರಾಗಿದ್ದರೆ ತಲೆ ಕೆರೆದುಕೊಂಡು ಸುಮ್ಮನಾಗುತ್ತಿದ್ದರು. ನಾನು ಪುಸ್ತಕ ತೆಗೆದು ಬರೆದೆ, ತಿಂಗಳುಗಟ್ಟಲೆ ಯೋಚಿಸಿದೆ, ಕಡೆಗೆ ಕಂಡುಹಿಡಿದೆ: ಮನುಷ್ಯನ ಮಣಿಕಟ್ಟು ಹುಟ್ಟಿನಿಂದಲೇ ಸ್ವಲ್ಪ ಎಡಕ್ಕೆ ತಿರುಗುತ್ತದೆ. ಇದಕ್ಕೆ ‘ಮಣಿಕಟ್ಟಿನ ದೋಷ’ ಎಂದು ಹೆಸರಿಟ್ಟು ಹದಿನಾಲ್ಕು ಪುಟದ ಪ್ರಬಂಧ ಬರೆದೆ. ಪರಿಹಾರವನ್ನೂ ಸೂಚಿಸಿದೆ. ಮ್ಯಾಟಿನ ಮೇಲೆ ಬಲಕ್ಕೆ ಎರಡು ಬೆರಳು ವಾಲಿದ ಬಿಳಿ ಗೆರೆಯೊಂದನ್ನು ಎಳೆದು, ಇದರ ಮೇಲೆ ಹೊಡೆಯಿರಿ ಎಂದೆ. ಟಣ್, ಟಣ್, ಟಣ್. ಶಿಷ್ಯರು ನನ್ನ ಕಾಲಿಗೆ ಬೀಳುವುದೊಂದು ಬಾಕಿ.

ಈ ಶಿಷ್ಯರಲ್ಲಿ ನನಗೆ ಬಹಳ ಇಷ್ಟವಾದವರು ನಾಗರಾಜು. ಅವರು ನಾನು ಹೋಗುತ್ತಿದ್ದ ಗಾಲ್ಫ್ ಮೈದಾನದಲ್ಲಿ ಇಪ್ಪತ್ತೆರಡು ವರ್ಷದಿಂದ ಕ್ಯಾಡಿ, ಎಂದರೆ ಆಟಗಾರರ ಹಿಂದೆ ಕೋಲುಗಳ ಚೀಲ ಹೊತ್ತು ನಡೆಯುವವರು. ಮನೆ ಹೇರೋಹಳ್ಳಿಯಲ್ಲಿ. ನಲವತ್ತಮೂರಕ್ಕೇ ಬಲಮಂಡಿ ಸವೆದಿತ್ತು. ಇನ್ನು ಚೀಲ ಹೊರಬೇಡಿ ಎಂದು ಡಾಕ್ಟರು ಹೇಳಿದ್ದರು. ಅದೇ ಹೊತ್ತಿಗೆ ಕೆಂಗೇರಿಯ ಆಚೆ ಹೊಸದಾಗಿ ಶುರುವಾದ ಅಭ್ಯಾಸದ ಮೈದಾನವೊಂದಕ್ಕೆ ಸಹಾಯಕ ಕೋಚ್ ಬೇಕಾಗಿತ್ತು. ಓದು ಕೇಳುವುದಿಲ್ಲ, ಪರೀಕ್ಷೆ ಮಾತ್ರ ಇದೆ ಎಂದಿದ್ದರು: ಗಾಳಿಯಲ್ಲಿ ಎತ್ತಿ ಹೊಡೆಯುವ ಹತ್ತು ಹೊಡೆತ, ಉರುಳಿಸುವ ಹತ್ತು ಹೊಡೆತ. ಉರುಳಿಸುವುದರಲ್ಲಿ ಆರಾದರೂ ಕುಣಿಗೆ ಬೀಳಬೇಕು. ನಾಗರಾಜು ನಾಲ್ಕು ತಿಂಗಳು ವಾರಕ್ಕೆ ಮೂರು ಸಂಜೆ ನಮ್ಮ ಟೆರೇಸಿಗೆ ಬಂದರು. ಹೇಳಿದ್ದನ್ನು ಹೇಳಿದ ಹಾಗೆ ಮಾಡುತ್ತಿದ್ದರು, ಒಂದು ಎದುರುಮಾತು ಇಲ್ಲ. “ಈ ಕೆಲ್ಸ ಸಿಕ್ಬಿಟ್ರೆ ಸಾಕು ಸಾರ್, ಮಂಡಿ ಉಳ್ಕೊಳ್ಳುತ್ತೆ” ಎಂದು ಒಮ್ಮೆ ಮೆಟ್ಟಿಲು ಇಳಿಯುತ್ತಾ ಹೇಳಿದ್ದರು. ಸಿಗುತ್ತದೆ ಎಂದು ನಾನು ಭರವಸೆ ಕೊಟ್ಟಿದ್ದೆ. ಅಂಕಿಅಂಶ ನನ್ನ ಬಳಿ ಇತ್ತಲ್ಲ.

ಪರೀಕ್ಷೆಯ ದಿನ ಸಂಜೆ ಫೋನು ಬಂತು. ಎತ್ತಿ ಹೊಡೆಯುವ ಹತ್ತೂ ಚೆನ್ನಾಗಿ ಹೋದವಂತೆ. ಮಂಡಿ, ಸೊಂಟ, ಭುಜ, ಯಾವುದೂ ಕೈಕೊಡಲಿಲ್ಲ. ಉರುಳಿಸುವ ಹತ್ತರಲ್ಲಿ ಬಿದ್ದದ್ದು ಒಂದು. “ಮಿಕ್ಕಿದ್ದೆಲ್ಲಾ ಬಲಕ್ಕೆ ಹೋಯ್ತು ಸಾರ್, ಎರಡೆರಡು ಬೆರಳು” ಎಂದರು. ಎತ್ತಿ ಹೊಡೆದದ್ದನ್ನು ನೋಡಿ ಮೈದಾನದವರಿಗೆ ಇಷ್ಟವಾಗಿ, ಮುಂದಿನ ಭಾನುವಾರ ಇನ್ನೊಂದು ಅವಕಾಶ ಕೊಟ್ಟಿದ್ದರು. ಅವತ್ತೂ ಆಗದಿದ್ದರೆ ಬೇರೆಯವರಿಗೆ ಕೆಲಸ. ನಾನು ಫೋನಿಟ್ಟವನೇ, ನಾಗರಾಜು ಅವರ ಮಣಿಕಟ್ಟಿನಲ್ಲಿ ದೋಷ ಇಲ್ಲದಿರುವುದೇ ದೋಷವೇನೋ ಎಂದು ಯೋಚಿಸತೊಡಗಿದೆ. ನಿಮಗೆ ನಗು ಬರಬಹುದು. ನಾನು ನಿಜವಾಗಿ ಅದರ ಮೇಲೆ ಎರಡು ಪುಟ ಬರೆದೆ.

ಮರುದಿನ ಬೆಳಗ್ಗೆ ಮೋಟರ್ ಆಫ್ ಮಾಡುವುದನ್ನು ಮರೆತೆ. ಟ್ಯಾಂಕ್ ತುಂಬಿ ಹರಿಯಿತು. ಮ್ಯಾಟ್ ನೆನೆಯಬಾರದೆಂದು ಓಡಿಹೋಗಿ ಅದನ್ನು ಸುತ್ತಿ ಪಕ್ಕಕ್ಕಿಟ್ಟೆ. ಮ್ಯಾಟ್ ಇದ್ದ ಜಾಗದಲ್ಲಿ ನೀರು ಎಲ್ಲಿಯೂ ನಿಲ್ಲದೆ, ಸಾಲಾಗಿ, ಎಡಗಡೆಯ ಮೂಲೆಯಲ್ಲಿದ್ದ ಪೈಪಿಗೆ ಇಳಿಯುತ್ತಿತ್ತು. ನಾನು ನೋಡುತ್ತ ನಿಂತೆ. ಬಟ್ಟೆ ಒಣಹಾಕಲು ಬಂದ ವಿಮಲಾ ಬಕೆಟ್ ಕೆಳಗಿಟ್ಟು, “ಏನ್ರೀ ಹಾಗೆ ನೋಡ್ತಾ ಇದೀರಾ?” ಎಂದಳು.

“ನೀರು ಎಡಕ್ಕೆ ಹೋಗ್ತಾ ಇದೆ ಕಣೇ.”

“ವಾಟ ಇರೋದೇ ಆ ಕಡೆಗಲ್ವಾ. ಮತ್ತೆಲ್ಲಿಗೆ ಹೋಗ್ಬೇಕು?”

ವಾಟ ಎಂದರೆ ಮಳೆನೀರು ನಿಲ್ಲದೆ ಪೈಪಿಗೆ ಹೋಗಲೆಂದು ಮೇಸ್ತ್ರಿಗಳು ನೆಲಕ್ಕೆ ಕೊಡುವ ಇಳಿಜಾರು. ಬೆಂಗಳೂರಿನಲ್ಲಿ ವಾಟ ಇಲ್ಲದ ಟೆರೇಸಿಲ್ಲ. ನಾನು ಮ್ಯಾಟ್ ಹಾಸುವ ದಿನ ಮಟ್ಟ ನೋಡಿದ್ದು ನಿಜ, ಉದ್ದಕ್ಕೆ ನೋಡಿದ್ದೆ. ಅಡ್ಡಕ್ಕೆ ನೋಡಬೇಕೆಂದು ಹೊಳೆಯಲೇ ಇಲ್ಲ. ವಿಮಲಾ ಅಷ್ಟಕ್ಕೇ ಬಿಡಲಿಲ್ಲ. “ಮನೆ ಕಟ್ಟೋವಾಗ ಮೇಸ್ತ್ರಿ ಕೊಟ್ಟ ವಾಟ ಸಾಲದು ಅಂತ ನೀವೇ ಅಲ್ವಾ ಜಗಳ ಆಡಿ ಜಾಸ್ತಿ ಮಾಡ್ಸಿದ್ದು. ಪಾಪ, ಆ ಮನುಷ್ಯ ಬೇಡ ಸಾರ್ ಬೇಡ ಸಾರ್ ಅಂತಿದ್ದ” ಎಂದಳು. ನನ್ನ ಶಿಷ್ಯರ ಮಣಿಕಟ್ಟಿನಲ್ಲಿ ಇಷ್ಟು ದಿನ ನಾನು ಹುಡುಕುತ್ತಿದ್ದದ್ದು ಆ ಮೇಸ್ತ್ರಿಯ ಗಾರೆಯಲ್ಲಿತ್ತು. ಹದಿನಾಲ್ಕು ಪುಟದ ಜೊತೆಗೆ ಹಿಂದಿನ ದಿನದ ಎರಡು ಪುಟವೂ ದಂಡ.

ಫೋನಿನಲ್ಲಿ ಹೇಳುವ ವಿಷಯ ಇದಲ್ಲ ಎನ್ನಿಸಿ ಸ್ಕೂಟರ್ ತೆಗೆದುಕೊಂಡು ಹೇರೋಹಳ್ಳಿಗೆ ಹೊರಟೆ. ಅಲ್ಲಿನ ರಸ್ತೆಯ ಗುಂಡಿಗಳಲ್ಲಿ ನನ್ನ ಸೊಂಟಕ್ಕೆ ಆಗಬೇಕಾದ ಶಾಸ್ತಿ ಆಯಿತು. ನಾಗರಾಜು ಬಾಗಿಲಲ್ಲೇ ಮಂಡಿಗೆ ಎಣ್ಣೆ ತಿಕ್ಕಿಕೊಳ್ಳುತ್ತ ಕೂತಿದ್ದರು. ನನ್ನನ್ನು ಕಂಡು ಎದ್ದು ಕುರ್ಚಿ ತಂದರು. ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟು ಒಳಗೆ ಹೋದರು. ಲೋಟ ಕೈಯಲ್ಲಿ ಹಿಡಿದುಕೊಂಡೇ ಎಲ್ಲವನ್ನೂ ಹೇಳಿದೆ: ತಪ್ಪು ನಿಮ್ಮದಲ್ಲ, ಮಣಿಕಟ್ಟಿನದೂ ಅಲ್ಲ, ನಮ್ಮ ಟೆರೇಸ್ ವಾಲಿದೆ, ನಾನು ನೋಡಿರಲಿಲ್ಲ.

ನಾಗರಾಜು ಎಣ್ಣೆಯ ಬಾಟಲಿಗೆ ಮುಚ್ಚಳ ಹಾಕಿದರು. “ಗೊತ್ತಿತ್ತು ಸಾರ್” ಎಂದರು.

“ಯಾವಾಗ ಗೊತ್ತಾಯ್ತು?”

“ಮೊದಲ್ನೇ ದಿನಾನೇ. ಚಪ್ಪಲಿ ಬಿಟ್ಟು ಟೆರೇಸಿಗೆ ಬಂದ್ನಲ್ಲ, ಕಾಲಿಗೆ ಗೊತ್ತಾಯ್ತು. ಇಪ್ಪತ್ತೆರಡು ವರ್ಷ ಅದೇ ಕೆಲ್ಸ ಅಲ್ವಾ ಸಾರ್.”

ನನಗೆ ಸಿಟ್ಟು ಬಂತು. ತಪ್ಪು ಮಾಡಿದವನಿಗೆ ಬರುವ ಸಿಟ್ಟು ಬಹಳ ಜೋರಾಗಿರುತ್ತದೆ. “ಮತ್ತೆ ನಾಲ್ಕು ತಿಂಗಳು ಬಾಯಿ ಮುಚ್ಕೊಂಡಿದ್ರಲ್ಲ ನಾಗರಾಜು, ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ?”

“ನೀವು ಕೇಳ್ಲಿಲ್ಲ ಸಾರ್.”

ಆಮೇಲೆ ನಿಧಾನವಾಗಿ ವಿವರಿಸಿದರು. ಕ್ಯಾಡಿಗಳಲ್ಲಿ ಒಂದು ಕಟ್ಟಳೆ ಇದೆಯಂತೆ. ಗ್ರೀನಿನ ಮೇಲೆ ನೆಲ ಯಾವ ಕಡೆ ಇಳಿದಿದೆ ಎಂದು ಆಟಗಾರ ಕೇಳಿದರೆ ಮಾತ್ರ ಹೇಳಬೇಕು. ಕೇಳದಿದ್ದರೆ, ಅವನು ಕಣ್ಣೆದುರಿಗೇ ತಪ್ಪು ಹೊಡೆಯುತ್ತಿದ್ದರೂ ಕುಣಿಯಲ್ಲಿ ನೆಟ್ಟ ಬಾವುಟವನ್ನು ಕಿತ್ತು ಹಿಡಿದುಕೊಂಡು ಸುಮ್ಮನಿರಬೇಕು. ಕೇಳದೆ ಹೇಳಿದವರಿಗೆ ಮರುದಿನ ಚೀಲ ಸಿಗುವುದಿಲ್ಲ. “ಆಮೇಲೆ ನೀವು ಮಣಿಕಟ್ಟು ಅಂದ್ರಿ. ವಿಮಾನಕ್ಕೆಲ್ಲಾ ಲೆಕ್ಕ ಹಾಕಿದೋರು, ಸುಮ್ಸುಮ್ನೆ ಹೇಳ್ತೀರಾ ಅನ್ಕೊಂಡೆ. ನಿನ್ನೆ ಅಲ್ಲಿ ನಿಂತಾಗ ಕಾಲು ಒಂದು ಹೇಳ್ತಿತ್ತು, ನಿಮ್ ಪುಸ್ತಕ ಇನ್ನೊಂದು ಹೇಳ್ತಿತ್ತು. ಪುಸ್ತಕಾನೇ ನಂಬ್ದೆ ಸಾರ್.”

ನನಗೆ ಬಹಳ ನಾಚಿಕೆಯಾಯಿತು. ಆ ಮನುಷ್ಯ ಕಾಲನ್ನು ಬಿಟ್ಟು ನನ್ನನ್ನು ನಂಬಿದ್ದ ಎಂಬುದು ಪ್ರಬಂಧ ಸುಳ್ಳಾದದ್ದಕ್ಕಿಂತ ಹೆಚ್ಚು ನೋಯಿಸಿತು. ಮಜ್ಜಿಗೆ ಕುಡಿದು, ಭಾನುವಾರ ನಿಮ್ಮ ಚೀಲ ನಾನು ಹೊರುತ್ತೇನೆ ಎಂದೆ. ಅವರು ಕೈಮುಗಿದು ಬೇಡವೆಂದರು. ನಾನು ಕೇಳಲಿಲ್ಲ. ಕೇಳದಿರುವುದು ನನಗೆ ಅಭ್ಯಾಸ.

ಭಾನುವಾರ ಕೆಂಗೇರಿಯ ಆಚೆಯ ಆ ಮೈದಾನಕ್ಕೆ ಹೋದೆವು. ಚೀಲ ನಾನಂದುಕೊಂಡದ್ದಕ್ಕಿಂತ ಬಹಳ ಭಾರವಿತ್ತು. ಅದನ್ನು ಇಪ್ಪತ್ತೆರಡು ವರ್ಷ ಹೊತ್ತವರ ಮಂಡಿಯ ಬಗ್ಗೆ ನನ್ನ ಪುಸ್ತಕಗಳಲ್ಲಿ ಒಂದು ಸಾಲೂ ಇರಲಿಲ್ಲ. ಎತ್ತಿ ಹೊಡೆಯುವ ಹತ್ತು ಮತ್ತೆ ಚೆನ್ನಾಗಿ ಹೋದವು. ಉರುಳಿಸುವ ಸರದಿ ಬಂದಾಗ ಅವರು ಶೂ ಬಿಚ್ಚಲೇ ಎಂದು ಮೈದಾನದವರನ್ನು ಕೇಳಿದರು, ಅವರು ಆಗಲಿ ಎಂದರು. ನಾನು ಬಾವುಟ ಹಿಡಿದು ಪಕ್ಕಕ್ಕೆ ನಿಂತೆ. ಒಂದು ಬಿತ್ತು, ಒಂದು ತಪ್ಪಿತು. ಮತ್ತೆರಡು ಬಿದ್ದವು. ಹಳೆಯ ಅಭ್ಯಾಸಕ್ಕೆ ಕೈ ಮೂರು ಸಲ ಬಲಕ್ಕೆ ಎಳೆಯಿತು. ಪ್ರತಿ ಸಲವೂ ಅದು ನನ್ನ ಬಿಳಿ ಗೆರೆ ಎಂದು ನನಗೆ ಗೊತ್ತಾಗುತ್ತಿತ್ತು. ಒಂಬತ್ತು ಹೊಡೆತ ಮುಗಿದಾಗ ಬಿದ್ದದ್ದು ಐದು. ಇನ್ನೊಂದು ಬೀಳಲೇಬೇಕು, ಉಳಿದಿರುವುದು ಒಂದೇ. ನಾನು ಬಾವುಟದ ಕೋಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ವಿಮಾನದ ರೆಕ್ಕೆಗಳ ಮುಂದೆ ನಿಂತಾಗಲೂ ನನಗೆ ಹೀಗಾಗಿರಲಿಲ್ಲ.

ನಾಗರಾಜು ಚೆಂಡಿನ ಹತ್ತಿರ ಹೋದವರು ನಿಂತರು. ತಿರುಗಿ ನನ್ನನ್ನು ನೋಡಿದರು. ಮರ್ಯಾದೆಗೆ ಕೇಳಿದರೋ, ಅನುಮಾನ ಬಂದು ಕೇಳಿದರೋ ನನಗೆ ಈಗಲೂ ತಿಳಿದಿಲ್ಲ.

“ಸಾರ್, ಯಾವ ಕಡೆ ಇಳ್ದಿದೆ?”

ನಾನು ಬಗ್ಗಿ ನೋಡಿದೆ. ಕುಣಿಯ ಆಚೆ ಹೋಗಿ ನೋಡಿದೆ. ಎಡಕ್ಕೆ ಎಂದು ಹೇಳಲು ಕಾರಣಗಳಿದ್ದವು, ಬಲಕ್ಕೆ ಎಂದು ಹೇಳಲೂ ಇದ್ದವು. ಎರಡೂ ಕಡೆಗೆ ಒಂದೊಂದು ಪ್ರಬಂಧ ಬರೆಯಬಹುದಿತ್ತು.

“ನನಗೆ ಗೊತ್ತಿಲ್ಲ ನಾಗರಾಜು” ಎಂದೆ.

ಅವರು ತಲೆಯಾಡಿಸಿದರು. ಬರಿಗಾಲಲ್ಲಿ ಎರಡು ಹೆಜ್ಜೆ ಮುಂದೆ ಹೋಗಿ, ಎರಡು ಹೆಜ್ಜೆ ಹಿಂದೆ ಬಂದು, ಹೊಡೆದರು. ಚೆಂಡು ನಾನು ಸ್ವಲ್ಪವೂ ನಿರೀಕ್ಷಿಸದ ಕಡೆಯಿಂದ ಸುತ್ತಿಬಂದು ಕುಣಿಗೆ ಬಿತ್ತು. ಉರುಳಿಸುವ ಹೊಡೆತದ ವಿಷಯದಲ್ಲಿ ನಾಲ್ಕು ತಿಂಗಳಿನಲ್ಲಿ ನಾನು ಅವರಿಗೆ ಕೊಟ್ಟ ನಿಖರವಾದ ಮಾಹಿತಿ ‘ಗೊತ್ತಿಲ್ಲ’ ಎಂಬುದೊಂದೇ.