ಒಂದು ಬ್ಯಾಟರಿ, ಅರ್ಧ ಬೇಲಿ

ದುಬಾರಿ ವಸ್ತು ಕೊಳ್ಳುವುದಕ್ಕೆ ದುಡ್ಡಿದ್ದರೆ ಸಾಕು, ಅಗ್ಗದ ವಸ್ತು ಕೊಳ್ಳುವುದಕ್ಕೆ ವಿದ್ಯೆ ಬೇಕು. ನಮ್ಮ ಸುತ್ತಮುತ್ತಲಿನ ಎಸ್ಟೇಟ್ ಮಾಲೀಕರನ್ನು ನೋಡಿ. ಸಕಲೇಶಪುರಕ್ಕೆ ಹೋಗುತ್ತಾರೆ, ಅಂಗಡಿಯವನು ತೋರಿಸಿದ್ದನ್ನು ಜೀಪಿಗೆ ಹಾಕಿಸುತ್ತಾರೆ, ಊಟದ ಹೊತ್ತಿಗೆ ಮನೆಗೆ ಬಂದು ಕೈ ತೊಳೆಯುತ್ತಾರೆ. ನನ್ನಂಥವಳು ಒಂದು ಮಿಕ್ಸಿ ಕೊಳ್ಳಬೇಕಾದರೂ ಪರೀಕ್ಷೆಗೆ ಓದಿದ ಹಾಗೆ ಓದಬೇಕು. ಎಲ್ಲಿ ಮೋಸ ಹೋಗುತ್ತೇನೋ ಎಂಬ ಭಯ ಒಂದು ಕಡೆ, ಮೋಸ ಹೋದದ್ದು ಮನೆಯವರಿಗೆ ಗೊತ್ತಾದರೆ ಎಂಬ ಭಯ ಇನ್ನೊಂದು ಕಡೆ. ಹಾನುಬಾಳಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ ವಿಜ್ಞಾನ ಹೇಳಿಕೊಡುವವಳು ನಾನು. ವೋಲ್ಟ್ ಎಂದರೇನು, ಆಂಪಿಯರ್ ಎಂದರೇನು ಎಂದು ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣದ ಪುಡಿ ತಿಂದವಳು. ಅಂಥವಳು ಒಂದು ಚೂರು ಅಂಗಳಕ್ಕೆ ಬೇಕಾದ ಬ್ಯಾಟರಿ ಸಲಕರಣೆ ಆರಿಸಲು ಹೋಗಿ ಏನೇನಾದೆ ಎಂಬುದನ್ನು ನಿಮಗೂ ಹೇಳಿಬಿಡುತ್ತೇನೆ. ಹೇಗೂ ಊರಿಗೆಲ್ಲ ಗೊತ್ತಾಗಿದೆ.

ನಮ್ಮ ಅಂಗಳ ಹೇಳಿಕೊಳ್ಳುವಷ್ಟು ದೊಡ್ಡದಲ್ಲ. ಮನೆ ಮುಂದೆ ಎರಡು ಮಂಚ ಹಾಕುವಷ್ಟು ಜಾಗದಲ್ಲಿ ಹುಲ್ಲು, ಅದರ ಸುತ್ತ ದಾಸವಾಳದ ಬೇಲಿ, ಗೋಡೆ ಪಕ್ಕ ಆಂಥೂರಿಯಂ ಕುಂಡಗಳು, ಗೇಟಿನ ಬಳಿ ಒಂದಿಷ್ಟು ಗುಲಾಬಿ. ಹಿಂದುಗಡೆ ಎಸ್ಟೇಟಿನ ಸಿಲ್ವರ್ ಓಕ್ ಮರಗಳಿವೆ. ಬಿಸಿಲು ಏರುವ ಕಾಲಕ್ಕೆ ಅವು ತಮ್ಮ ಎಲೆಯನ್ನೆಲ್ಲ ನಮ್ಮ ಅಂಗಳಕ್ಕೇ ಉದುರಿಸುತ್ತವೆ. ಮರ ಅವರದು, ಕಸ ನಮ್ಮದು. ಕೆಲಸಕ್ಕೆ ಯಾರನ್ನಾದರೂ ಕರೆದರೆ, "ಅಷ್ಟು ಚೂರು ಜಾಗಕ್ಕೆ ಯಾರ್ ಬತ್ತಾರೆ ಟೀಚರೇ?" ಎಂದು ನನ್ನನ್ನೇ ಕೇಳಿ, ಎಸ್ಟೇಟಿನ ಜೀಪು ಹತ್ತಿ ಹೋಗಿಬಿಡುತ್ತಾರೆ. ನಮ್ಮ ಮನೆಯವರಿಗೆ ಗೊಬ್ಬರದ ಅಂಗಡಿ ಇದೆ. ಊರಿನ ಬೆಳೆಗೆಲ್ಲ ಸಲಹೆ ಕೊಡುವ ಮನುಷ್ಯ ಮನೆಯ ಬೇಲಿಗೆ ಕತ್ತಿ ಹಿಡಿದರೆ, ಹಸು ನುಗ್ಗಿ ಮೇಯ್ದು ಹೋದ ಹಾಗೆ ಮಾಡಿಡುತ್ತಾರೆ.

ಇಷ್ಟಕ್ಕೆಲ್ಲ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ, ಅಂಗಳ ಸ್ಪರ್ಧೆ ಒಂದು ಇಲ್ಲದೇ ಹೋಗಿದ್ದರೆ. ಪ್ರತಿ ವರ್ಷ ಶಿವರಾತ್ರಿ ಕಳೆದ ಮೇಲೆ ನಮ್ಮ ಕಡೆಯ ಮಹಿಳಾ ಸಂಘದವರು ಮನೆ ಮನೆಗೆ ತೀರ್ಪುಗಾರ್ತಿಯನ್ನು ಕಳಿಸಿ ಅಂಗಳ ನೋಡಿಸುತ್ತಾರೆ. ಮೊದಲ ಬಹುಮಾನ ಯಾವಾಗಲೂ ಯಾವುದಾದರೊಂದು ಎಸ್ಟೇಟ್ ಬಂಗಲೆಗೆ. ಗಿಡ ನೆಟ್ಟವನು ಮಾಲಿ, ನೀರು ಹಾಕಿದವನು ಮಾಲಿ, ಬಹುಮಾನ ತೆಗೆದುಕೊಳ್ಳುವ ಹೊತ್ತಿಗೆ ಮಾತ್ರ ಮಾಲಿ ಕಾಣಿಸುವುದಿಲ್ಲ. ನನಗೆ ಪ್ರತಿ ಸಲವೂ ಸಮಾಧಾನಕರ ಬಹುಮಾನ. ಹಾಗೆ ಬಂದ ಪ್ಲಾಸ್ಟಿಕ್ ಡಬ್ಬಗಳು ಅಡುಗೆಮನೆಯ ಅಟ್ಟದಲ್ಲಿ ಒಂದರೊಳಗೊಂದು ಕೂತಿವೆ. ಡಬ್ಬವನ್ನಾದರೂ ಸಹಿಸಬಹುದು, ತೀರ್ಪುಗಾರ್ತಿ ಪ್ರೇಮಾ ಮೇಡಂ ಅವರ ಮಾತನ್ನು ಸಹಿಸುವುದು ಕಷ್ಟ. ದೊಡ್ಡ ಎಸ್ಟೇಟಿನ ಒಡತಿ. ಮಣ್ಣು ಮುಟ್ಟದ ಬೆರಳಿನಿಂದ ನನ್ನ ಗುಲಾಬಿಯನ್ನು ಹಗುರವಾಗಿ ಸವರಿ, "ಓ ಟೀಚರ್, ಇದನ್ನೆಲ್ಲ ನೀವೇ ಮಾಡ್ತೀರಾ? ಪಾಪ!" ಎನ್ನುತ್ತಾರೆ. ಆ 'ಪಾಪ' ಕೇಳಿದ ದಿನ ನನಗೆ ಊಟ ಸೇರುವುದಿಲ್ಲ. ಈ ವರ್ಷ ಆ ಬಾಯಿಂದ ಬೇರೆ ಮಾತು ಬರಿಸಲೇಬೇಕು, ಮೊದಲ ಬಹುಮಾನ ತರಲೇಬೇಕು ಎಂದು ತೀರ್ಮಾನಿಸಿದೆ. ಹಾಗಾಗಿ ಯಂತ್ರ ಬೇಕಾಯಿತು.

ಪೆಟ್ರೋಲ್ ಯಂತ್ರ ಭಾರ, ಅದರ ಸದ್ದಿಗೆ ಕಿವಿ ತೂತು. ವೈರಿನದು ತರೋಣವೆಂದರೆ ಪ್ಲಗ್ಗು ಇರುವುದು ಹಜಾರದಲ್ಲಿ, ಬೇಲಿ ಇರುವುದು ರಸ್ತೆಯ ಅಂಚಿನಲ್ಲಿ. ಉಳಿದದ್ದು ಬ್ಯಾಟರಿಯದು. "ಕತ್ತಿ ಐತಲ್ಲೇ, ಮತ್ಯಾಕೆ ಬ್ಯಾಟ್ರಿ?" ಎಂದರು ನಮ್ಮ ಮನೆಯವರು. ಅವರ ಪ್ರಕಾರ ಬ್ಯಾಟರಿ ಇರುವುದು ಟಾರ್ಚಿಗೆ. ನಾನು ಫೋನು ಹಿಡಿದು ಅಧ್ಯಯನಕ್ಕೆ ಕೂತೆ. ಮೊದಲು ವಿಡಿಯೋಗಳು. ಎಲ್ಲ ವಿಡಿಯೋದಲ್ಲೂ ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಗಂಡಸು, ಆಗಲೇ ಕತ್ತರಿಸಿದಂತಿರುವ ಹುಲ್ಲನ್ನು ಮತ್ತೆ ಕತ್ತರಿಸಿ, "ನೋಡಿದ್ರಲ್ಲ ಫ್ರೆಂಡ್ಸ್" ಎನ್ನುತ್ತಿದ್ದ. ನೋಡಿದೆ, ಆದರೆ ಏನು ನೋಡಿದೆ ಎಂದು ತಿಳಿಯಲಿಲ್ಲ. ಆಮೇಲೆ ಕೊಂಡವರ ಅಭಿಪ್ರಾಯಗಳು. ಒಬ್ಬರು ಐದು ನಕ್ಷತ್ರ ಕೊಟ್ಟು, "ತುಂಬ ಒಳ್ಳೆಯದು, ಇನ್ನೂ ಡಬ್ಬ ಬಿಚ್ಚಿಲ್ಲ" ಎಂದು ಬರೆದಿದ್ದರು. ಇನ್ನೊಬ್ಬರು ಒಂದೇ ನಕ್ಷತ್ರ ಕೊಟ್ಟಿದ್ದರು, ಕಾರಣ ಬಣ್ಣ ಹಸಿರು ಎಂದುಕೊಂಡಿದ್ದರಂತೆ, ಬಂದದ್ದು ಕಿತ್ತಳೆ. ಒಬ್ಬ ಮಹಾನುಭಾವರು ಮಾತ್ರ ಬ್ಯಾಟರಿಯನ್ನೇ ಬಿಚ್ಚಿ ಫೋಟೋ ಹಾಕಿದ್ದರು. ಹೊರಗೆ 'ನಲವತ್ತೆಂಟು ವೋಲ್ಟ್' ಎಂದು ದಪ್ಪ ಅಕ್ಷರ, ಒಳಗೆ ಐದೇ ಸೆಲ್ಲು. ಒಂದು ಸೆಲ್ಲಿಗೆ ನಾಲ್ಕು ವೋಲ್ಟಿನ ಹತ್ತಿರ, ಐದು ಸೆಲ್ಲಿಗೆ ಇಪ್ಪತ್ತರ ಆಸುಪಾಸು ಎಂದು ನಮ್ಮ ಹತ್ತನೇ ಕ್ಲಾಸಿನ ಮಕ್ಕಳಿಗೂ ಲೆಕ್ಕ ಬರುತ್ತದೆ. ಉಳಿದ ವೋಲ್ಟೆಲ್ಲ ಸ್ಟಿಕ್ಕರಿನಲ್ಲಿ. ಇನ್ನು ಕೆಲವರು ಯಂತ್ರವನ್ನು ಬಹಳ ಅಗ್ಗಕ್ಕೆ ತೋರಿಸಿ, ಕೆಳಗೆ ಇರುವೆ ಗಾತ್ರದ ಅಕ್ಷರದಲ್ಲಿ 'ಬ್ಯಾಟರಿ, ಚಾರ್ಜರ್ ಪ್ರತ್ಯೇಕ' ಎಂದು ಬರೆದಿದ್ದರು.

ಚಳಿಗಾಲವಿಡೀ ಇದೇ ಆಯಿತು. ಉಪ್ಪಿಟ್ಟು ತಳ ಹಿಡಿಯಿತು, ಉತ್ತರ ಪತ್ರಿಕೆಗಳು ಮೂಲೆ ಸೇರಿದವು. ನಾನು ಕಲಿತದ್ದನ್ನು ಯಾರಿಗಾದರೂ ಹೇಳಬೇಕೆನಿಸುತ್ತಿತ್ತು, ಕೇಳುವವರಿರಲಿಲ್ಲ. ಮನೆಯವರಿಗೆ ಬ್ರಷ್ ಇಲ್ಲದ ಮೋಟಾರು ಏಕೆ ಹೆಚ್ಚು ಬಾಳುತ್ತದೆ ಎಂದು ವಿವರಿಸುವಾಗ ಅವರು ಕಣ್ಣು ಬಿಟ್ಟುಕೊಂಡೇ ನಿದ್ದೆ ಮಾಡುವುದನ್ನು ಕಂಡೆ. ಪಕ್ಕದ ಮನೆಯ ಶಾಹಿದಾಗೆ ಹೇಳಲು ಹೋದರೆ ಆಕೆ, "ಟೀಚರೇ, ಒಲೆ ಮೇಲೆ ಹಾಲೈತೆ" ಎಂದು ಓಡಿದಳು. ಸ್ಟಾಫ್ ರೂಮಿನಲ್ಲಿ ನಾನು ಬಾಯಿ ತೆರೆದರೆ ಎಲ್ಲರಿಗೂ ಕ್ಲಾಸಿನ ನೆನಪಾಗುತ್ತಿತ್ತು. ಕೊನೆಗೆ ಒಂದೇ ಬ್ಯಾಟರಿಗೆ ಬೇಲಿ ಕತ್ತರಿಸುವ ಯಂತ್ರ, ಹುಲ್ಲು ಕತ್ತರಿಸುವ ಯಂತ್ರ, ಎಲೆ ಊದುವ ಬ್ಲೋವರ್ ಮೂರೂ ಹೊಂದುವ ಒಂದು ಸೆಟ್ಟು ಆರಿಸಿದೆ. ಎರಡನೇ ಬ್ಯಾಟರಿ ಬೇಡ, ಅದು ದಂಡ ಎಂದು ನಾನೇ ತೀರ್ಮಾನಿಸಿದೆ. ಅಷ್ಟೊಂದು ಓದಿದವಳಿಗೆ ಅಷ್ಟಾದರೂ ಜಾಣತನ ಬೇಡವೇ?

ಕೊರಿಯರಿನವರು ಡಬ್ಬವನ್ನು ಬಸ್ ಸ್ಟ್ಯಾಂಡಿನ ಬೇಕರಿಯಲ್ಲಿ ಇಟ್ಟು ಹೋದದ್ದರಿಂದ, ನಾನು ನೋಡುವ ಮೊದಲೇ ಹಾನುಬಾಳು ಅದನ್ನು ನೋಡಿಯಾಗಿತ್ತು. ಒಬ್ಬರು ಹೊಲಿಗೆ ಯಂತ್ರ ಎಂದರಂತೆ, ಇನ್ನೊಬ್ಬರು ಬಂದೂಕು ಎಂದರಂತೆ. ಯಂತ್ರ ಮಾತ್ರ ನನ್ನ ಮಾನ ಕಾಯಿತು. ಹುಲ್ಲು ನೀಟಾಗಿ ಕತ್ತರಿಸಿತು, ಬ್ಲೋವರ್ ಸಿಲ್ವರ್ ಓಕ್ ಎಲೆಗಳನ್ನೆಲ್ಲ ಎಸ್ಟೇಟಿನ ತಂತಿಬೇಲಿಯ ಆಚೆಗೆ, ಬಂದ ಜಾಗಕ್ಕೇ ಕಳಿಸಿತು. ರಸ್ತೆಯಲ್ಲಿ ನಿಂತವರು ತಲೆದೂಗಿದರು. ಅಲ್ಲಿಗೆ ನನ್ನ ಸಂತೋಷ ಮುಗಿಯಿತು, ಏಕೆಂದರೆ ಮಾರನೆಯ ದಿನದಿಂದ ಯಂತ್ರ ಊರಿನದಾಯಿತು.

ನಮ್ಮ ಕಡೆ ಒಂದು ಪದ್ಧತಿ ಇದೆ. ಏಣಿ, ಔಷಧಿ ಹೊಡೆಯುವ ಪಂಪು, ದೊಡ್ಡ ಹಂಡೆ, ಇಂಥವು ಯಾರ ಮನೆಯಲ್ಲಿದ್ದರೂ ಎಲ್ಲರವೂ. ಕೇಳಿದವರಿಗೆ ಇಲ್ಲ ಎನ್ನುವ ಹಾಗಿಲ್ಲ, ವಾಪಸು ಕೊಡುವವರು ಬರಿಗೈಯಲ್ಲಿ ಬರುವ ಹಾಗಿಲ್ಲ. ನಾನೇ ಶಾಹಿದಾ ಮನೆಯ ಏಣಿಯನ್ನು ಎಷ್ಟು ಸಲ ತಂದಿದ್ದೇನೋ, ಕೊಬ್ಬರಿ ಮಿಠಾಯಿ ಎಷ್ಟು ಕೊಟ್ಟಿದ್ದೇನೋ. ಈಗ ಅದೇ ಪದ್ಧತಿ ನನ್ನ ಗೇಟಿಗೆ ಬಂದು ನಿಂತಿತು. ಯಂತ್ರ ಹೋಯಿತು, ಬಾಳೆಗೊನೆ ಬಂತು. ಮತ್ತೆ ಹೋಯಿತು, ಹಲಸಿನ ಚಿಪ್ಸು ಬಂತು. ಏಣಿಯನ್ನು ಎಷ್ಟು ಹತ್ತಿದರೂ ಏಣಿ ಖಾಲಿಯಾಗುವುದಿಲ್ಲ, ಬ್ಯಾಟರಿ ಖಾಲಿಯಾಗುತ್ತದೆ ಎಂಬ ಸಂಗತಿ ಮಾತ್ರ ಯಾರ ತಲೆಗೂ ಹೋಗಲಿಲ್ಲ. "ಚಾರ್ಜ್ ಮಾಡಿ ಕೊಡಾನ ಅಂದ್ರೆ ಕರೆಂಟೇ ಇರ್ಲಿಲ್ಲ ಕಣ್ರೀ" ಎನ್ನುತ್ತ ಎಲ್ಲರೂ ಸತ್ತ ಬ್ಯಾಟರಿಯನ್ನೂ ಬಾಳೆಹಣ್ಣನ್ನೂ ಒಟ್ಟಿಗೆ ಕೊಟ್ಟು ಹೋದರು. ಅದು ಮೆಣಸು ಕೊಯ್ಲಿನ ಕಾಲ. ಶಾಹಿದಾಳ ಗಂಡ ರಫೀಕ್ ಊರೂರು ತಿರುಗಿ ಕಾಳುಮೆಣಸು ಕೊಳ್ಳುವ ವ್ಯಾಪಾರಿ. ಒಂದು ದಿನ ಕೇಳಿ ಪಡೆದ ಬ್ಲೋವರನ್ನು ಆತ ಎಲೆಗೆ ಹಿಡಿಯದೆ, ಮೊರದಿಂದ ಸುರಿಯುತ್ತಿದ್ದ ಮೆಣಸಿಗೆ ಹಿಡಿದ. ಕಡ್ಡಿ, ಧೂಳು, ಜೊಳ್ಳು ಎಲ್ಲ ಹಾರಿ ಹೋಗಿ ಗಟ್ಟಿ ಕಾಳು ಮಾತ್ರ ಕೆಳಗೆ ಬಿತ್ತು. ಗಾಳಿಗಾಗಿ ಕಾಯುವುದು ತಪ್ಪಿತು. ನಾನು ಓದಿದ ಅಷ್ಟೂ ಅಭಿಪ್ರಾಯಗಳಲ್ಲಿ ಈ ಉಪಯೋಗವನ್ನು ಒಬ್ಬರೂ ಬರೆದಿರಲಿಲ್ಲ.

ಸ್ಪರ್ಧೆಯ ಹಿಂದಿನ ದಿನ ಶನಿವಾರ, ಶಾಲೆಯಿಂದ ಬಂದವಳೇ ಯಂತ್ರ ಹಿಡಿದು ಬೇಲಿಗೆ ನಿಂತೆ. ಗೇಟಿನಿಂದ ಶುರುಮಾಡಿ ಗೆರೆ ಎಳೆದ ಹಾಗೆ ಕತ್ತರಿಸುತ್ತ ಬಂದೆ. ಸರಿಯಾಗಿ ಅರ್ಧಕ್ಕೆ ಬರುವಾಗ ಬ್ಯಾಟರಿ ಮುಗಿದು ಯಂತ್ರ ಕುಂಯ್ ಎಂದು ನಿಂತಿತು. ಚಿಂತೆಯಿಲ್ಲ, ಚಾರ್ಜಿಗೆ ಹಾಕಿ ಬೆಳಿಗ್ಗೆ ಉಳಿದದ್ದನ್ನು ಕತ್ತರಿಸಿ, ಎಲೆ ಊದಿ, ಸೀರೆ ಉಟ್ಟು ಕಾಯುವುದು ಎಂದುಕೊಂಡೆ. ಭಾನುವಾರ ಸ್ನಾನ ಮುಗಿಸಿ ಬಂದು ನೋಡುತ್ತೇನೆ, ಚಾರ್ಜರ್ ಖಾಲಿ. ಬ್ಲೋವರ್ ಕೂಡ ಇಲ್ಲ.

"ರೀ, ಬ್ಯಾಟರಿ ಎಲ್ರೀ?"

"ರಫೀಕ್ ತಗಂಡೋದ ಕಣೇ. ಅರ್ಧ ಗಂಟೆ ಕೆಲ್ಸ ಅಂದ."

"ಇವತ್ತು ಸ್ಪರ್ಧೆ ಕಣ್ರೀ!"

"ಪಕ್ಕದ್ ಮನೆಯವ್ರು ಕೇಳಿದ್ರೆ ಇಲ್ಲ ಅನ್ನಾಕಾಯ್ತದಾ?" ಎಂದರು ನಮ್ಮ ಮನೆಯವರು, ಕಾಫಿ ಲೋಟದಿಂದ ತಲೆ ಎತ್ತದೆ.

ಆಯ್ತದೆ ಎಂದು ಕೂಗಬೇಕೆನಿಸಿತು. ಕೂಗುವುದಕ್ಕೆ ಹೊತ್ತಿರಲಿಲ್ಲ. ಚಪ್ಪಲಿ ಮೆಟ್ಟಿ ಪಕ್ಕದ ಅಂಗಳಕ್ಕೆ ನುಗ್ಗಿದರೆ, ಅಲ್ಲಿ ಹಿಟ್ಟಿನ ಗಿರಣಿಯ ಮುಂದಿನ ಹಾಗೆ ಮೂಟೆಗಳ ಸಾಲು. ಊರಿನ ಅರ್ಧ ಮೆಣಸು ಅಲ್ಲೇ ಇತ್ತು. ನಾನು ರಫೀಕನ ಕೈಯಿಂದ ಬ್ಲೋವರ್ ಕಸಿದು ಬ್ಯಾಟರಿ ಕಿತ್ತುಕೊಂಡೆ. ಅದರ ಮೇಲೆ ಚಾರ್ಜ್ ತೋರಿಸುವ ದೀಪಗಳಲ್ಲಿ ಒಂದೇ ಒಂದು ಉರಿಯುತ್ತಿತ್ತು. ಅಷ್ಟು ಚಾರ್ಜಿನಲ್ಲಿ ಬೇಲಿಯ ಉಳಿದರ್ಧವನ್ನು ಹೇಗೋ ಮುಗಿಸಬಹುದಿತ್ತು. "ಇನ್ನೊಂದೆರಡು ಮೂಟೆ ಐತೆ ಟೀಚರ್" ಎಂದು ರಫೀಕ್ ಹಿಂದಿನಿಂದ ಗೋಗರೆಯುತ್ತಿದ್ದ. "ಸುಮ್ನಿರಿ ಮಾರಾಯ್ರೇ, ಟೀಚರ್ ಮುಖ ನೋಡಿದ್ರಾ?" ಎಂದು ಶಾಹಿದಾ ಗದರಿಸಿದಳು.

ಆಗಲೇ ರಸ್ತೆಯಲ್ಲಿ ಕಾರು ನಿಂತದ್ದು. ಪ್ರೇಮಾ ಮೇಡಂ ಹೇಳಿದ ಹೊತ್ತಿಗಿಂತ ಮೊದಲೇ ಬಂದಿದ್ದರು. ಅವರ ಕಣ್ಣು ನಮ್ಮ ಬೇಲಿಯ ಮೇಲೆ ಬೀಳಲಿಲ್ಲ, ಶಾಹಿದಾಳ ಅಂಗಳದ ಮೆಣಸಿನ ರಾಶಿಯ ಮೇಲೆ ಬಿತ್ತು. ಸೀದಾ ಒಳಗೇ ಬಂದರು. "ಇದೇನ್ ಟೀಚರ್, ಇದ್ರಲ್ಲಿ ಮೆಣಸು ತೂರ್ತಾರಾ? ನಮ್ಮಲ್ಲಿ ಆಳಿಲ್ಲದೆ ಸ್ಟೋರ್ ತುಂಬ ಹಾಗೇ ಬಿದ್ದಿದೆ. ಒಂದ್ಸಲ ತೋರಿಸಿ, ನೋಡೋಣ."

ನನ್ನ ಕೈಯಲ್ಲಿ ಬ್ಯಾಟರಿ, ಎದುರಿಗೆ ಮೇಡಂ, ಪಕ್ಕದಲ್ಲಿ ಅರ್ಧ ಬೇಲಿ. ಬುದ್ಧಿ ಇದ್ದವಳು ಆ ಹೊತ್ತಿನಲ್ಲಿ ಏನು ಮಾಡಬೇಕಿತ್ತು ಎಂದು ನಿಮಗೂ ಗೊತ್ತು, ನನಗೂ ಗೊತ್ತು. ನಾನು ಬ್ಯಾಟರಿಯನ್ನು ಬ್ಲೋವರಿಗೇ ಸಿಕ್ಕಿಸಿ, ರಫೀಕನ ಕೈಗೆ ಮೊರ ಕೊಟ್ಟು, ಉಳಿದ ಚಾರ್ಜನ್ನೆಲ್ಲ ಮೆಣಸಿನ ಮೇಲೆ ಊದಿಬಿಟ್ಟೆ. "ಅಬ್ಬಾ!" ಎಂದರು ಮೇಡಂ. ಆಮೇಲೆ ಅವರು ಕೇಳಬಾರದ ಪ್ರಶ್ನೆಯೊಂದನ್ನು ಕೇಳಿದರು. "ಇದ್ರಲ್ಲಿ ಯಾವುದು ಒಳ್ಳೇದು ಟೀಚರ್? ನಮಗೊಂದೂ ಗೊತ್ತಾಗಲ್ಲ."

ಒಂದು ಚಳಿಗಾಲದಷ್ಟು ಮಾತು ನನ್ನೊಳಗೆ ಕಾದು ಕೂತಿತ್ತು, ಅಷ್ಟೂ ಹೊರಗೆ ಬಂತು. ವೋಲ್ಟಿನಿಂದ ಶುರುಮಾಡಿದೆ. ಸ್ಟಿಕ್ಕರನ್ನು ನಂಬಬೇಡಿ, ಸೆಲ್ಲು ಎಣಿಸಿ ಎಂದೆ. ಬ್ರಷ್ ಇಲ್ಲದ ಮೋಟಾರಿನ ಗುಣಗಾನ ಮಾಡಿದೆ. ಮೆಣಸಿನ ಮೂಟೆಯ ಮೇಲೆ ಬೆರಳಿನಿಂದ ಚಿತ್ರ ಬರೆದು ತೋರಿಸಿದೆ. ಅಂಥ ಮೇಡಂ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತು, ಹತ್ತನೇ ಕ್ಲಾಸಿನ ಜಾಣ ಹುಡುಗಿಯ ಹಾಗೆ ಕತ್ತು ಆಡಿಸುತ್ತ ಕೇಳಿದರು. ಒಂದು ಸಲವೂ 'ಪಾಪ' ಎನ್ನಲಿಲ್ಲ. ನಿಜ ಹೇಳುತ್ತೇನೆ, ಮದುವೆಯಾದಾಗಿನಿಂದ ಯಾರೂ ನನ್ನ ಮಾತನ್ನು ಅಷ್ಟು ಹೊತ್ತು ಕೇಳಿರಲಿಲ್ಲ, ನನಗೆ ಬಹಳ ಸುಖವಾಗಿತ್ತು. ಸಂಘದವರು ಫೋನ್ ಮಾಡಿ ಊಟಕ್ಕೆ ಹೊತ್ತಾಯಿತು ಎಂದಾಗ ಮೇಡಂ ಎದ್ದು, "ಅಯ್ಯೋ, ನಿಮ್ಮ ಅಂಗಳ ನೋಡ್ಲೇ ಇಲ್ವಲ್ಲ ಟೀಚರ್" ಎಂದರು.

"ಅದೇನ್ ಬಿಡಿ ಮೇಡಂ, ಚೂರು ಜಾಗ, ಅದ್ರಲ್ಲಿ ನೋಡೋದೇನಿದೆ? ಆಂಪ್ ಅವರ್ ವಿಷಯ, ಅಂದ್ರೆ ಬ್ಯಾಟರಿ ಎಷ್ಟು ಹೊತ್ತು ಬರುತ್ತೆ ಅನ್ನೋದು ಇನ್ನೂ ಹೇಳಿಲ್ಲ, ಅದು ಮುಖ್ಯ" ಎಂದೆ ನಾನು. ಹೌದು, ನಾನೇ ಅಂದದ್ದು. ಕಾರಿನ ಬಾಗಿಲು ಹಿಡಿದು ನಿಂತು ಆಂಪ್ ಅವರ್ ವಿಷಯವನ್ನೂ ಪೂರ್ತಿ ಹೇಳಿ ಮುಗಿಸಿಯೇ ಬಿಟ್ಟೆ.

"ಬೇಲಿ ನೋಡಿದ್ರೇನೇ?" ಎಂದು ಮನೆಯವರು ಕೇಳಿದಾಗಲೇ ನನಗೆ ಏನಾಯಿತೆಂದು ಅರಿವಾದದ್ದು. ಅವರು ನಕ್ಕು ನಕ್ಕು ಜಗುಲಿಯ ಮೇಲೆ ಕೂತುಬಿಟ್ಟರು. ಬೇಜಾರಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಮೊದಲ ಬಹುಮಾನ ಇಬ್ಬರು ಮಾಲಿಗಳಿದ್ದ ಒಂದು ಬಂಗಲೆಗೆ ಹೋಯಿತು. ನೋಡದ ಅಂಗಳಕ್ಕೆ ಸಮಾಧಾನಕರ ಬಹುಮಾನವನ್ನೂ ಕೊಡಲು ಬರುವುದಿಲ್ಲವಂತೆ. ಆ ಡಬ್ಬವೂ ತಪ್ಪಿತಲ್ಲ ಎಂದು ಸಂಕಟಪಟ್ಟ ಮೊದಲ ಹೆಂಗಸು ನಾನೇ ಇರಬೇಕು.

ವಾರದ ಮೇಲೆ ಸಂಘದಿಂದ ಫೋನ್ ಬಂತು. ಪ್ರೇಮಾ ಮೇಡಂ ನನ್ನ ತಿಳಿವಳಿಕೆಯನ್ನು ಬಾಯ್ತುಂಬ ಹೊಗಳಿದರಂತೆ, ಮುಂದಿನ ವರ್ಷ ನಾನೂ ತೀರ್ಪುಗಾರ್ತಿಯಾಗಬೇಕಂತೆ. ಮಾತು ಮುಗಿಯುವ ಮೊದಲೇ ಒಪ್ಪಿಕೊಂಡೆ. ತೀರ್ಪು ಕೊಡುವವರ ಅಂಗಳ ಸ್ಪರ್ಧೆಗೆ ಇರುವುದಿಲ್ಲ ಎಂಬುದು ಗೊತ್ತಾದದ್ದು ಆಮೇಲೆ. ಅದು ಗೊತ್ತಾದ ಮೇಲೆ ಬೇಲಿಯ ಉಳಿದರ್ಧ ಕತ್ತರಿಸಲು ನನಗೆ ಕಾರಣವೇ ಸಿಗಲಿಲ್ಲ.

ಮೊನ್ನೆ ಶಾಹಿದಾ ಬಂದು, "ಮುಂದಿನ್ ವರ್ಷ ನಾನೂ ಹೆಸ್ರು ಕೊಡ್ತೀನಿ ಟೀಚರೇ, ನಮ್ ಬೇಲಿಗೊಂದ್ಸಲ ನಿಮ್ ಮಿಷನ್ ಕೊಡಿ" ಎಂದಳು. ಚಾರ್ಜ್ ಮಾಡಿಯೇ ಕೊಟ್ಟೆ. ಸಂಜೆ ಹೋಗಿ ನೋಡಿದರೆ ಬೇಲಿಯನ್ನು ಬಹಳ ಸೊಗಸಾಗಿ ಕತ್ತರಿಸಿದ್ದಳು, ಎಲ್ಲೂ ಒಂದು ಎಲೆ ಹೆಚ್ಚುಕಡಿಮೆ ಇರಲಿಲ್ಲ. ನಾನು ಗೇಟಿನ ಬಳಿ ನಿಂತು, ತಲೆ ಓರೆ ಮಾಡಿ, ಬೆರಳ ತುದಿಯಿಂದ ಒಂದು ಚಿಗುರನ್ನು ಹಗುರವಾಗಿ ಸವರಿ, "ಪರವಾಗಿಲ್ಲ, ಇನ್ನೊಂದು ಚೂರು ನೀಟಾಗಿದ್ದರೆ ಚೆನ್ನಾಗಿರೋದು" ಎಂದೆ. ಶಾಹಿದಾ ನನ್ನ ಮುಖ ನೋಡಲಿಲ್ಲ, ನಮ್ಮ ಅರ್ಧ ಬೇಲಿಯ ಕಡೆ ನೋಡಿದಳು.