ಅಣ್ಣಾ, ನೀ ಬಾ, ಗಾಡಿ ತರಬ್ಯಾಡ

ಚಿತ್ತಾಪುರದ ಕೋರ್ಟಿನಲ್ಲಿ ಮೂವತ್ತೊಂದು ವರ್ಷ ಕಡತ ಹೊತ್ತು, ಶಿರಸ್ತೇದಾರನಾಗಿ ನಿವೃತ್ತನಾದವನು ನಾನು. ಕಾಗದಪತ್ರ ಸರಿಯಾಗಿದ್ದರೆ ಜಗತ್ತಿನಲ್ಲಿ ಆಗದ ಕೆಲಸವಿಲ್ಲ ಎಂಬುದು ನನ್ನ ನಂಬಿಕೆ. ಆದಕಾರಣ ನನ್ನ ಹಳೆಯ ಜರ್ಮನಿ ಕಾರಿನ ಇಂಜಿನ್ನನ್ನು ಖುದ್ದಾಗಿ ಬಿಚ್ಚಿ ಜೋಡಿಸುವುದೆಂದು ಹೆಂಡತಿಯ ಸಮಕ್ಷಮ ಘೋಷಿಸಿದೆ. ಮಹಾದೇವಿ ರೊಟ್ಟಿಗೆ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ.

"ಬಿಚ್ಚೂದು ನಿಮಗ ಬರ್ತದ, ಗೊತ್ತದ ನಂಗ," ಎಂದಳು. ಜೋಡಿಸುವ ವಿಷಯ ಎತ್ತಲಿಲ್ಲ.

ಇಷ್ಟಕ್ಕೆಲ್ಲ ಕಾರಣ ಚಿಂಚೋಳಿಯಿಂದ ಬಂದ ಒಂದು ಫೋನು. ನನ್ನ ತಂಗಿ ಶರಣಮ್ಮ ತನ್ನ ಕಿರಿಮಗಳು ಅಂಬಿಕಾಳ ಮದುವೆಗೆ ಕರೆಯುತ್ತಿದ್ದಳು. "ಅಣ್ಣಾ, ನೀ ಬಾ, ವೈನಿಗೂ ಕರ್ಕೊಂಡು ಬಾ. ಗಾಡಿ ಮಾತ್ರ ತರಬ್ಯಾಡ." ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಸಹಿಸಬಹುದಿತ್ತು.

ಅವಳದೂ ತಪ್ಪಲ್ಲ. ಹಿರಿಮಗಳ ಮದುವೆಯಲ್ಲಿ ಸೇಡಂನಿಂದ ಮದುಮಗನನ್ನು ಕರೆತರುವ ಹೊಣೆಯನ್ನು ನಾನೇ ಮೇಲೆ ಬಿದ್ದು ಹೊತ್ತುಕೊಂಡಿದ್ದೆ. ಊರು ದಾಟುವುದೇ ತಡ, ಗಾಡಿ ಎರಡು ಸಲ ಕೆಮ್ಮಿ ನಿಂತಿತು. ಮದುಮಗ ಹಾದಿಯಲ್ಲಿ ಸಿಕ್ಕ ಟಂಟಂ ಆಟೋ ಹತ್ತಿ, ತೊಗರಿ ಚೀಲಗಳ ನಡುವೆ, ತಗಡಿಗೆ ಬಾಸಿಂಗ ತಾಗದಂತೆ ಕತ್ತು ಬಗ್ಗಿಸಿಕೊಂಡು ಚಿಂಚೋಳಿ ಸೇರಿದ. ಅಕ್ಕಿಕಾಳು ಹಾಕುವ ಮುಹೂರ್ತ ಮೀರುತ್ತಿರಲು ಮಂಟಪದ ಬಾಗಿಲಲ್ಲಿ ನಿಂತಿದ್ದ ತಂಗಿಯ ಮುಖ ಇವತ್ತಿಗೂ ನನ್ನ ಕಣ್ಣ ಮುಂದಿದೆ. ಅಪ್ಪ ಹೋದ ಮೇಲೆ ಅವಳನ್ನು ಓದಿಸಿ, ಲಗ್ನ ಮಾಡಿಕೊಟ್ಟವನು ನಾನು. ಅವಳು ನನ್ನ ಮಾತನ್ನು ನಂಬದಂತಾದಳಲ್ಲ ಎಂದು ನಿಜವಾಗಿಯೂ ಸಂಕಟವಾಯಿತು. ಈ ಸಲ ಅಂಬಿಕಾ ಮನೆಯಿಂದ ಮಂಟಪಕ್ಕೆ ಹೋಗುವುದು ನನ್ನ ಗಾಡಿಯಲ್ಲೇ ಎಂದು ತೀರ್ಮಾನಿಸಿದೆ.

ವಾಡಿಯಲ್ಲಿ ಖಾಜಾ ಮಿಸ್ತ್ರಿಗೆ ಗಾಡಿ ತೋರಿಸಿದೆ. ಅವನು ಇಂಜಿನ್ನಿನ ಮಗ್ಗುಲಿನ ಮುಚ್ಚಳ ಸರಿಸಿ, ಒಳಗಿನ ಹಲ್ಲಿನ ಪಟ್ಟಾ, ಅಂದರೆ ಟೈಮಿಂಗ್ ಬೆಲ್ಟನ್ನು, ಬೆರಳಿನಿಂದ ಹಿಂಡಿದ. ಬೇಸಿಗೆಯ ಕೆರೆಯಂತೆ ಬಿರುಕು ಬಿಟ್ಟಿತ್ತು.

"ಸಾಹೇಬ್ರ, ಇದು ಇಂಜಿನ್ನಿನ ಮ್ಯಾಲಿನ ಹಲ್ಲುಗಾಲಿ, ಕೆಳಗಿನ ಹಲ್ಲುಗಾಲಿ ಎರಡೂ ಒಂದೇ ಲೆಕ್ಕದಾಗ ತಿರುಗಸ್ತದ. ಹಾದ್ಯಾಗ ಹರೀತಂದ್ರ ಇಂಜಿನ್ ಖತಂ. ಪಟ್ಟಾ, ಅದರ ರೋಲರ್, ನೀರಿನ ಪಂಪು ಎಲ್ಲಾ ಬದಲಿ ಮಾಡಬೇಕು. ಶನಿವಾರ ತರ್ರಿ."

ಮದುವೆ ಭಾನುವಾರ. ಶನಿವಾರದ ಮೇಲೆ ಭರವಸೆ ಇಡುವುದು ಅಪಾಯ ಎನಿಸಿತು. ಅಲ್ಲದೆ ಪಟ್ಟಾ ಬದಲಿಸುವುದರಲ್ಲಿ ಅಂಥದ್ದೇನಿದೆ? ಹಿಟ್ಟಿನ ಗಿರಣಿಯಲ್ಲಿ ಪಟ್ಟಾ ಏರಿಸುವುದನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಕಲಬುರಗಿಯಿಂದ ಸಾಮಾನು ತರಿಸಿದೆ. ಕೆಲಸದ ವಿಧಾನವನ್ನು ಝೆರಾಕ್ಸ್ ಅಂಗಡಿಯಲ್ಲಿ ಹದಿನಾಲ್ಕು ಹಾಳೆ ಪ್ರಿಂಟ್ ತೆಗೆಸಿ, ದಾರ ಪೋಣಿಸಿ ಕಡತ ಮಾಡಿದೆ. ಪ್ರತಿ ಹಾಳೆ ಓದಿ ಸಹಿಯನ್ನೂ ಹಾಕಿದೆ!

ಗುರುವಾರ ಬೆಳಿಗ್ಗೆ ಅಂಗಳದಲ್ಲಿ ಕಾರ್ಯಾರಂಭವಾಯಿತು. ಎದುರು ಮನೆಯ ಕಾಳಪ್ಪ ಮಾಸ್ತರರು ಕುರ್ಚಿ ತಂದು ಕುಳಿತರು. ಬಿಚ್ಚಿದ ಪ್ರತಿ ಬೋಲ್ಟಿನ ಕೆಳಗೆ ಕೋರ್ಟಿನ ಪದ್ಧತಿಯಂತೆ 'ನಿಶಾನೆ ೧', 'ನಿಶಾನೆ ೨' ಎಂದು ಚೀಟಿ ಬರೆದಿಟ್ಟೆ. ಇಪ್ಪತ್ತೆರಡು ನಿಶಾನೆಗಳಾದವು. ಆಗ ಗಾಳಿ ಬೀಸಿತು.

"ಶಿರಸ್ತೇದಾರ್ರ, ಹದಿನೇಳು ನಮ್ಮ ತುಳಸಿಕಟ್ಟಿ ತನಕ ಹೋಗ್ಯದ," ಎಂದು ಮಾಸ್ತರರು ಕುಳಿತಲ್ಲಿಂದಲೇ ವರದಿ ಕೊಟ್ಟರು.

ನಾನು ಎದೆಗುಂದಲಿಲ್ಲ. ಹಳೆಯ ಪಟ್ಟಾ ತೆಗೆಯುವ ಮೊದಲು ಎರಡೂ ಗಾಲಿಗಳ ಮೇಲೆ ಗುರುತು ಹಾಕಿಕೊಳ್ಳಬೇಕು, ಹೊಸದನ್ನು ಅದೇ ಗುರುತಿಗೆ ಕೂರಿಸಬೇಕು ಎಂದು ಕಡತದ ಆರನೆಯ ಹಾಳೆಯಲ್ಲಿತ್ತು. ಬಿಳಿ ಬಣ್ಣ ಇರಲಿಲ್ಲ. ನಮ್ಮ ಕಡೆ ಸುಣ್ಣಕ್ಕೆ ಬರವೇ? ಎಲೆ ಅಡಿಕೆಯ ಡಬ್ಬಿಯಿಂದ ಬೆರಳ ತುದಿಯಲ್ಲಿ ಸುಣ್ಣ ತೆಗೆದು, ಮೇಲಿನ ಗಾಲಿಗೊಂದು, ಕೆಳಗಿನದಕ್ಕೊಂದು, ಅವುಗಳ ಎದುರಿಗೆ ಇಂಜಿನ್ನಿನ ಕಬ್ಬಿಣಕ್ಕೆ ಒಂದೊಂದು ಬೊಟ್ಟು ಇಟ್ಟೆ. ಹಳೆಯ ಪಟ್ಟಾ ತೆಗೆದೆ. ರೋಲರು, ಪಂಪು ಹೊಸವು ಕೂತವು. ಇಲ್ಲಿಯವರೆಗೆ ನನ್ನ ಮೇಲೆ ಯಾವ ಆರೋಪವೂ ಇರಲಿಲ್ಲ.

ಹೊಸ ಪಟ್ಟಾ ಏರಿಸುವ ಮುನ್ನ ಪೂಜೆ ಮಾಡಬೇಕೆನಿಸಿತು. ನಮ್ಮಲ್ಲಿ ಹೊಸ ಸೂಜಿ ತಂದರೂ ವಿಭೂತಿ ಹಚ್ಚದೆ ಬಳಸುವುದಿಲ್ಲ. ಆದರೆ ಎಣ್ಣೆ ಹೊಲಸಿನ ಮೇಲೆ ವಿಭೂತಿ ಹಚ್ಚುವುದುಂಟೇ? ಒದ್ದೆ ಬಟ್ಟೆ ತೆಗೆದುಕೊಂಡು ಗಾಲಿಗಳನ್ನು ಫಳಫಳ ಒರೆಸತೊಡಗಿದೆ. ಆರತಿ ತಟ್ಟೆ ಹಿಡಿದು ಬಂದ ಮಹಾದೇವಿ ನಿಂತು ನೋಡಿದಳು.

"ಏನ್ರೀ, ಮುಂಜಾನಿ ಅಲ್ಲಿ ಏನೋ ಬೆಳ್ಳಗ ಹಚ್ಚಿದ್ರಲ್ಲ. ಅದನ್ನ ಒರಸಬೇಕೇನು?"

"ದೇವರ ಕೆಲಸದಾಗ ಅಡ್ಡ ಮಾತಾಡಬ್ಯಾಡ," ಎಂದೆ.

ಅವಳು ತಟ್ಟೆ ಇಟ್ಟು ಒಳಗೆ ಹೋದಳು. ನಾನು ಮೇಲಿನ ಗಾಲಿಗೆ ಮೂರು ಬೆರಳಿನಿಂದ ವಿಭೂತಿ ಎಳೆದೆ, ಕೆಳಗಿನದಕ್ಕೂ ಎಳೆದೆ, ನಡುವೆ ಕುಂಕುಮವಿಟ್ಟೆ, ಕಾಯಿ ಒಡೆದೆ. ಊಟ ಮಾಡಿ ಒಂದು ಗಳಿಗೆ ಅಡ್ಡಾದೆ.

ಎದ್ದು ಬರುವಷ್ಟರಲ್ಲಿ ವಿಭೂತಿ ಒಣಗಿ ಉದುರಿ, ಗಾಲಿಗಳ ಮೇಲೆ ಅಲ್ಲೊಂದು ಇಲ್ಲೊಂದು ಬಿಳಿ ಚುಕ್ಕೆ ಉಳಿದಿತ್ತು. ನನ್ನ ಚಾಳೀಸಿನ ಕನ್ನಡಕಕ್ಕೆ ಎಣ್ಣೆ ಮೆತ್ತಿದ್ದರಿಂದ ಅದನ್ನು ತೆಗೆದಿಟ್ಟಿದ್ದೆ. ಬಿಳಿ ಕಂಡಿತು, ಸಂತೋಷವಾಯಿತು. ಎಷ್ಟು ಗಟ್ಟಿ ಸುಣ್ಣ, ಒರೆಸಿದರೂ ಹೋಗಿಲ್ಲ ಎಂದುಕೊಂಡೆ! ಆ ಚುಕ್ಕೆಗಳನ್ನು ಸಾಲಿಗೆ ತಂದು ಹೊಸ ಪಟ್ಟಾ ಬಿಗಿದೆ. ಮೂರು ಬೋಲ್ಟು ಉಳಿದವು. ಜರ್ಮನಿಯವರು ಹೆಚ್ಚಿಗೆ ಹಾಕಿರಬೇಕು ಎಂದು ಜೇಬಿಗಿಳಿಸಿದೆ.

ಸ್ಟಾರ್ಟ್ ಮಾಡುವ ಮೊದಲು ಕೆಳಗಿನ ಗಾಲಿಯನ್ನು ಪಾನಾ ಹಾಕಿ ಕೈಯಿಂದ ಎರಡು ಸುತ್ತು ತಿರುಗಿಸಬೇಕು ಎಂದು ಹನ್ನೊಂದನೆಯ ಹಾಳೆ ಹೇಳುತ್ತಿತ್ತು. ಅರ್ಧ ಸುತ್ತು ಬಂತು. ಟಣ್ ಎಂದು ನಿಂತಿತು. ಹೊಸ ಪಟ್ಟಾ, ಬಿಗಿ ಇರುತ್ತದೆ ಎಂದು ಹಿತ್ತಿಲಿನಿಂದ ಬೋರಿನ ಪೈಪಿನ ತುಂಡು ತಂದು ಪಾನಾಕ್ಕೆ ಸಿಕ್ಕಿಸಿದೆ. ಮೈಭಾರವೆಲ್ಲ ಹಾಕಬೇಕೆನ್ನುವಷ್ಟರಲ್ಲಿ ಮಹಾದೇವಿ ಬಂದು ಪೈಪು ಹಿಡಿದಳು.

"ಬಿಡ್ರಿ ಅದನ್ನ. ತಿರಗವಲ್ದು ಅಂದ್ರ ಒಳಗ ಏನೋ ಅಡ್ಡ ಬಂದದ. ಬೀಸೂಕಲ್ಲಿಗೂ ಜೋರು ಮಾಡಿದ್ರ ಗೂಟ ಮುರೀತದ."

"ಇದು ಜರ್ಮನಿ ಇಂಜಿನ್, ಬೀಸೂಕಲ್ಲಲ್ಲ."

"ಖಾಜಾ ನಾಳಿ ನಮಾಜ್ ಮುಗಿಸಿ ಬರ್ತಾನಂತ. ಅಲ್ಲೀತನಕ ಮುಟ್ಟಬ್ಯಾಡ್ರಿ."

"ಅವನಿಗೆ ಯಾವಾಗ ಹೇಳಿದಿ?"

"ನೀವು ಒರಸಾಕತ್ತಿದ್ರಲ್ಲ, ಆಗ."

ಶುಕ್ರವಾರ ಮಧ್ಯಾಹ್ನ ಖಾಜಾ ಬಂದ. ಗಾಲಿಯನ್ನು ನೋಡಿದ, ನನ್ನನ್ನು ನೋಡಿದ, ಕೆಳಗೆ ಬಿದ್ದಿದ್ದ ತೆಂಗಿನ ಚಿಪ್ಪನ್ನೂ ನೋಡಿದ. ಅರಿವೆಯಿಂದ ಕುಂಕುಮ ಒರೆಸಿದ. ಅದರ ಕೆಳಗೆ ಗಾಲಿಯ ಅಂಚಿನಲ್ಲಿ ಒಂದು ಸಣ್ಣ ಕಚ್ಚು ಇತ್ತು.

"ಸಾಹೇಬ್ರ, ಗುರ್ತು ಜರ್ಮನಿಯವರೇ ಕೊರದು ಕಳಿಸ್ಯಾರ. ನೀವು ಅದರ ಮ್ಯಾಲೇ ಕುಂಕುಮ ಇಟ್ಟೀರಿ."

ಅವನು ಪೈಪನ್ನು ತೋರಿಸಿ, "ಇದನ್ನ ಎಳದಿದ್ರ ವಾಲ್ವ್ ಬಾಗ್ತಿದ್ವು. ಇಂಜಿನ್ ಮಣ್ಣಿಗೆ ಹೋಗ್ತಿತ್ತು. ಯಾರು ತಡದ್ರು?" ಎಂದ.

ಮಹಾದೇವಿ ಅವನಿಗೆ ಚಹಾ ಕೊಟ್ಟಳು. ನನಗೂ ಕೊಟ್ಟಳು, ಅದು ಅವಳ ದೊಡ್ಡ ಗುಣ.

ನಾನು ಮಾಡಿದ್ದನ್ನೆಲ್ಲ ಖಾಜಾ ಪೂರ್ತಿ ಬಿಚ್ಚಿ, ಮೊದಲಿನಿಂದ ಜೋಡಿಸಿದ. ನನ್ನ ಜೇಬಿನ ಮೂರು ಬೋಲ್ಟುಗಳಿಗೂ ಹುಡುಕದೆಯೇ ಜಾಗ ಸಿಕ್ಕಿತು. "ನಾನೇನು ಮಾಡಲಿ?" ಎಂದು ಕೇಳಿದ್ದಕ್ಕೆ, "ಏನೂ ಒರಸಬ್ಯಾಡ್ರಿ," ಎಂದ. ಸಂಜೆಯ ಹೊತ್ತಿಗೆ ಚಾವಿ ತಿರುವಿದರೆ ಇಂಜಿನ್ನು ಮೊದಲ ಸಲಕ್ಕೇ ಎದ್ದಿತು. ಅಷ್ಟು ಮೆತ್ತಗಿನ ಸದ್ದನ್ನು ಆ ಗಾಡಿಯಿಂದ ನಾನು ಕೇಳಿಯೇ ಇರಲಿಲ್ಲ. ಕಣ್ಣು ತುಂಬಿ ಬಂತು. ಮಾಸ್ತರರು ಕುರ್ಚಿ ಎತ್ತಿಕೊಂಡು ಮನೆಗೆ ಹೋದರು.

ಭಾನುವಾರ ಮುಂಜಾನೆ ಸೇಡಂ ಬಂತು. ಉಸಿರು ಬಿಗಿಹಿಡಿದೆ. ಸೇಡಂ ಹೋಯಿತು. ಚಿಂಚೋಳಿಯಲ್ಲಿ ತಂಗಿಯ ಮನೆ ಮುಂದೆ ಹೂವು ಕಟ್ಟಿದ ಬಾಡಿಗೆ ಜೀಪೊಂದು ಸಿದ್ಧವಾಗಿ ನಿಂತಿತ್ತು. ಅದರ ಪಕ್ಕದಲ್ಲೇ ನಿಲ್ಲಿಸಿದೆ. ಶರಣಮ್ಮ ಹೊರಗೆ ಬಂದು ನನ್ನ ಗಾಡಿಯ ಸುತ್ತ ಒಂದು ಸುತ್ತು ಹಾಕಿದಳು.

"ಬಂದ ಬಿಡ್ತಲ್ಲ ಅಣ್ಣಾ! ಯಾರು ಮಾಡಿದ್ರು ರಿಪೇರಿ?"

'ನಾನೇ' ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಮಹಾದೇವಿ ಕಿಟಕಿಯಾಚೆ ನೋಡುತ್ತ ಕುಳಿತಿದ್ದಳು. ಆದರೆ ತಂಗಿ ಕೇಳುತ್ತಿದ್ದುದು ಹೊಗಳುವುದಕ್ಕಲ್ಲ, ಮಗಳನ್ನು ಕೂರಿಸುವುದಕ್ಕೆ.

"ಮೊದಲು ನಾ ಮಾಡಿದ್ದೆ. ಅದನ್ನೆಲ್ಲಾ ಬಿಚ್ಚಿ ವಾಡಿ ಖಾಜಾ ಮತ್ತ ಮಾಡ್ಯಾನ," ಎಂದೆ.

"ನೀ ಮಾಡಿದ್ದು ಒಳಗ ಒಂದೂ ಉಳದಿಲ್ಲಲ್ಲ?"

"ಒಂದೂ ಇಲ್ಲವ್ವ. ದೇವರಾಣಿ."

ಶರಣಮ್ಮನ ಮುಖ ಅರಳಿತು. ಒಳಗೆ ತಿರುಗಿ, "ಅಂಬಿಕಾ, ಬಾ. ಮಾಮಾನ ಗಾಡ್ಯಾಗ ಕುಂದ್ರು," ಎಂದು ಕೂಗಿದಳು. ಜೀಪಿನ ಹೂವು ಬಿಚ್ಚಿ ನನ್ನ ಗಾಡಿಗೆ ಕಟ್ಟಿಸಿದಳು. ನನ್ನ ಎದೆ ಉಬ್ಬಿತು. ಆಮೇಲೆ ಜೀಪಿನವನ ಹತ್ತಿರ ಹೋಗಿ ಏನೋ ಮೆಲ್ಲಗೆ ಹೇಳಿ ಬಂದಳು.

ಗಾಡಿ ಎಲ್ಲಿಯೂ ನಿಲ್ಲಲಿಲ್ಲ, ಕೆಮ್ಮಲೂ ಇಲ್ಲ. ಕನ್ನಡಿಯಲ್ಲಿ ನೋಡಿದರೆ ಆ ಖಾಲಿ ಜೀಪು ಮಂಟಪದ ಬಾಗಿಲವರೆಗೂ ನಮ್ಮ ಹಿಂದೆಯೇ ಬರುತ್ತಿತ್ತು.