ಕೋಚ್‌ಗೆ ಶಾಲು ಹೊದಿಸಿದ ಸಂಗತಿ

ನನ್ನ ಹಣೆಬರಹವೋ ಏನೋ, ಯಲಹಂಕದ ಸುತ್ತಮುತ್ತ ಎಂಥ ವಿಚಿತ್ರ ನಡೆದರೂ ಪಕ್ಕದಲ್ಲಿ ಬೆಪ್ಪಾಗಿ ನಿಂತಿರುವವನು ನಾನೇ. ಪಿ.ಟಿ. ಮೇಷ್ಟ್ರಾಗಿ ರಿಟೈರ್ ಆದವನು ತೆಪ್ಪಗೆ ಮನೇಲಿರಬೇಕಿತ್ತು. ರಾಜಾನುಕುಂಟೆ ಕಡೆಯ ಬಿಲ್ಡರ್ ಒಬ್ಬರು ಫುಟ್‌ಬಾಲ್ ಟೀಮ್ ಕಟ್ಟಿ ನನ್ನನ್ನು ಮೇಲ್ವಿಚಾರಣೆಗೆ ಕರೆದರು. ಹೋದೆ. ನೋಡಿದರೆ, ದಕ್ಷಿಣ ಅಮೆರಿಕದಿಂದ ಒಬ್ಬ ಕೋಚ್‌ನನ್ನೂ ಕರೆಸಿಬಿಟ್ಟಿದ್ದಾರೆ!

ಇಂಟರ್‌ವ್ಯೂ

ಆತ ಒಂದು ಕಾಲಕ್ಕೆ ಅವರ ದೇಶದಲ್ಲಿ ಹೆಸರಾಂತ ಡಿಫೆಂಡರ್. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಒಂದೇ ಮಟ್ಟದ್ದಾದ್ದರಿಂದ ಮಾತು ಸಲೀಸಾಗಿ ನಡೆಯುತ್ತಿತ್ತು.

"ಆಟ ಬಿಟ್ಟು ಕೋಚ್ ಆದ್ಮೇಲೆ ಏನೇನ್ ಮಾಡವ್ರಂತೆ, ಕೇಳಿ ಮೇಷ್ಟ್ರೇ" ಅಂದರು ಓನರ್.

ಕೇಳಿದೆ. ಪುಣ್ಯಾತ್ಮ ಒಂದಿಷ್ಟೂ ಮುಚ್ಚಿಡಲಿಲ್ಲ. ಮೊದಲನೇ ಕ್ಲಬ್ಬಿನಲ್ಲಿ ಜನ ಕಲ್ಲು ಹೊಡೆದರಂತೆ. ಆಮೇಲಿನದರಲ್ಲಿ ಕಾರಿಗೆ ಬೆಂಕಿ ಇಟ್ಟರಂತೆ. ಇನ್ನೊಂದರಲ್ಲಿ ಅಧ್ಯಕ್ಷನೇ ಗೇಟಿಗೆ ಬೀಗ ಜಡಿದು ಇವನ ಸೂಟ್‌ಕೇಸನ್ನು ಕಾಂಪೌಂಡಿನಾಚೆ ಎಸೆದನಂತೆ. "ಇದೂ ಹೋದರೆ ನನ್ನನ್ನು ಇನ್ಯಾರೂ ಕರೆಯೋದಿಲ್ಲ" ಅಂದ. ಶಿವನೇ, ಇದನ್ನೆಲ್ಲ ಓನರ್‌ಗೆ ಹೇಗೆ ಹೇಳೋದು? ಕಣ್ಣು ಮುಚ್ಚಿಕೊಂಡು ಇದ್ದದ್ದು ಇದ್ದ ಹಾಗೇ ಹೇಳಿಬಿಟ್ಟೆ.

ಓನರ್ ತೊಡೆ ತಟ್ಟಿದರು. "ಇಷ್ಟೆಲ್ಲಾ ಆದ್ರೂ ಬದ್ಕವ್ನಲ್ರೀ! ಗಟ್ಟಿ ಆಳು. ಇವ್ನೇ ಇರ್ಲಿ."

ವಾಸ್ತು

ಪ್ರಾಕ್ಟೀಸ್ ಶುರುವಾಗಿ ಇನ್ನೂ ವಾರವಾಗಿರಲಿಲ್ಲ, ಓನರ್ ವಾಸ್ತು ಪಂಡಿತರನ್ನು ಮೈದಾನಕ್ಕೆ ಕರೆತಂದರು. ಒಂದು ಗೋಲ್‌ಪೋಸ್ಟ್ ದಕ್ಷಿಣಕ್ಕೆ ಮುಖ ಮಾಡಿದೆ, ಯಮನ ದಿಕ್ಕು, ಆಗಲೇಬಾರದು ಅಂದರು ಪಂಡಿತರು. ಮಾರನೇ ಬೆಳಿಗ್ಗೆ ಜೆಸಿಬಿ ಬಂತು. ಎರಡೂ ಪೋಸ್ಟ್ ಕಿತ್ತು ಪೂರ್ವ ಪಶ್ಚಿಮಕ್ಕೆ ನೆಟ್ಟೇಬಿಟ್ಟರು!

ಕೋಚ್ ತಲೆ ಮೇಲೆ ಕೈ ಹೊತ್ತು ನಿಂತ. "ಸಂಜೆ ಬಿಸಿಲು ಗೋಲ್‌ಕೀಪರ್ ಕಣ್ಣಿಗೆ ಹೊಡೆಯುತ್ತೆ" ಅಂತ ಬಡಕೊಂಡ. ಕೇಳೋರ್ಯಾರು? ನಮ್ಮವರು ಟಾಸ್ ಒಂದೂ ಗೆಲ್ಲಲಿಲ್ಲ. ಸೂರ್ಯ ಇಳಿಯೋ ಹೊತ್ತಿಗೆ ಸರಿಯಾಗಿ ನಮ್ಮ ಗೋಲ್‌ಕೀಪರೇ ಪಶ್ಚಿಮಕ್ಕೆ ಮುಖ ಮಾಡಿ, ಹಣೆಗೆ ಕೈ ಅಡ್ಡ ಹಿಡಿದು ನಿಂತಿರುತ್ತಿದ್ದ. ಗೋಲಾದದ್ದು ಅವನಿಗೆ ಜನ ಕಿರುಚಿದ ಮೇಲೇ ಗೊತ್ತಾಗೋದು. ಒಂದಾದ ಮೇಲೊಂದು ಮ್ಯಾಚ್ ಸೋತೆವು.

"ವಾಸ್ತು ಸರಿ ಮಾಡ್ಸಿದ್ಮೇಲೂ ಸೋಲ್ತಾನೆ ಅಂದ್ರೆ ಅವನ ಜಾತ್ಕದಾಗೇ ದೋಸ ಐತೆ ಕಣ್ರೀ!" ಅಂದರು ಓನರ್.

ಸನ್ಮಾನ

ಕೋಚ್‌ನನ್ನು ತೆಗೆಯೋದು ಅಂತ ತೀರ್ಮಾನವಾಯ್ತು. ಆದರೆ ಎದುರಿಗೆ ಹೇಳೋರು ಯಾರು? "ಮನೇಲಿ ಕೂರ್ಸಿ ಮುದ್ದೆ ಇಕ್ಕಿದೀವಿ, ಈಗ ಓಗು ಅಂತ ಎಂಗನ್ನಾದು? ನೀವೇ ಹೇಳ್ಬುಡಿ" ಅಂತ ನನ್ನ ತಲೆಗೆ ಕಟ್ಟಿದರು. ಅವನ ರೂಮಿಗೆ ಹೋದೆ. ಗೋಲ್‌ಕೀಪರ್‌ಗೆ ಅಂತ ಬಿಸಿಲು ಟೋಪಿ ತಂದು, ಅದರ ಪಟ್ಟಿ ಸರಿಮಾಡುತ್ತಾ ಕೂತಿದ್ದ. ಅವನು ಕೊಟ್ಟ ಕಾಫಿ ಕುಡಿದು ಎದ್ದು ಬಂದೆ.

ಕೊನೆಗೆ ಓನರ್‌ಗೆ ಹೊಳೆದದ್ದು ಸನ್ಮಾನ. ನಮ್ಮಲ್ಲಿ ಯಾರನ್ನಾದರೂ ಮರ್ಯಾದೆಯಿಂದ ಸಾಗಹಾಕೋದು ಹಾಗೇ ತಾನೆ? ಶಾಮಿಯಾನ ಹಾಕಿ, ಊರವರನ್ನೆಲ್ಲ ಸೇರಿಸಿ, ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟರು. ಓನರ್ ಮೈಕ್ ಹಿಡಿದು "ಇಂಥ ಮನ್ಸ ಮತ್ತೆ ಹುಟ್ಟಲ್ಲ" ಅಂತ ಹೊಗಳಿದ್ದೇ ಹೊಗಳಿದ್ದು, ನಾನು ಕೋಚ್ ಕಿವಿಯಲ್ಲಿ ಅದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿದ್ದೇ ಹೇಳಿದ್ದು. ಇನ್ನೇನು ಬೀಳ್ಕೊಡುಗೆಯ ಮಾತು ಬರಬೇಕು, ಅಷ್ಟರಲ್ಲಿ ಕೋಚ್ ಎದ್ದು ಬಂದು ಮೈಕ್ ಕಿತ್ತುಕೊಂಡ! ಕಣ್ಣಲ್ಲಿ ದಳದಳ ನೀರು.

"ಕಲ್ಲೇಟು ತಿಂದವನಿಗೆ ಶಾಲು ಹೊದಿಸಿದ್ದೀರಿ. ಸಾಯೋವರೆಗೂ ನಾನು ಇಲ್ಲೇ ಇರ್ತೀನಿ!"

ನಾನು ಕನ್ನಡದಲ್ಲಿ ಹೇಳಿ ಮುಗಿಸೋದರೊಳಗೆ ಶಿಳ್ಳೆಯೋ ಶಿಳ್ಳೆ. ಓನರ್ ಕಕ್ಕಾಬಿಕ್ಕಿ. ಅಷ್ಟು ಜನರ ಮುಂದೆ ಏನಂದಾರು? ಅವರೂ ಚಪ್ಪಾಳೆ ತಟ್ಟಿದರು.

ಜನ ಚದುರಿದ ಮೇಲೆ ಅವನ ಪಕ್ಕ ಕೂತೆ. ಪಾಪ, ತನ್ನನ್ನು ಕಳಿಸೋಕೇ ಇದೆಲ್ಲ ಮಾಡಿದ್ದು ಅಂತ ಇವನಿಗೆ ಗೊತ್ತೇ ಆಗಿಲ್ಲವಲ್ಲ ಅಂದುಕೊಂಡೆ.

"ಓನರ್ ಯಾಕೆ ಅಷ್ಟೊಂದು ಹೊಗಳಿದರು, ಗೊತ್ತಾಯ್ತಾ?" ಅಂದೆ ಮೆಲ್ಲಗೆ.

ಅವನು ಬುಟ್ಟಿಯಿಂದ ಒಂದು ಸೇಬು ತೆಗೆದು ಕಚ್ಚಿದ. "ನಮ್ಮೂರಲ್ಲೂ ಅಷ್ಟೇ ಮೇಷ್ಟ್ರೇ. ಓನರ್ ಹೊಗಳೋಕೆ ಶುರು ಮಾಡಿದ ಅಂದ್ರೆ ನಾಳೆಯಿಂದ ಕೆಲಸ ಇಲ್ಲ ಅಂತ. ಅದಕ್ಕೇ ಇವರು ಮುಗಿಸೋಕೆ ಮುಂಚೆ ಮೈಕ್ ಕಿತ್ಕೊಂಡೆ."